ಒಣ ಮರಳು

ಆಗಸ್ಟ್ 3, 1982, ಮಂಗಳವಾರ

ಇವತ್ತು ಒಬ್ಬ ಬಿಳಿಯ ಗಂಡಸು ಮುಖಕ್ಕೂ ಕೈಗಳಿಗೂ ಕಪ್ಪು ಬಣ್ಣ ಬಳಿದುಕೊಂಡು, ತಲೆಗೆ ಗುಂಗುರು ಕೂದಲಿನ ವಿಗ್ ಹಾಕಿಕೊಂಡು, ಕಪ್ಪು ಹೆಂಗಸಾಗಿ ಕಾರು ಓಡಿಸಿದ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ. ಆ ಕಾರಿನ ಟೈರಿಗೆ ಗಾಳಿ ತುಂಬಿ, ಬ್ರೇಕ್ ಬಿಗಿಮಾಡಿ, ಕೀಲಿಕೈಯನ್ನು ಅವನಿಗೆ ಕೊಟ್ಟವಳು ನಾನು. ನಾನು ಕಪ್ಪು ಹೆಂಗಸು. ಹದಿಮೂರನೇ ವಯಸ್ಸಿನಿಂದ ಓಡಿಸುತ್ತಿದ್ದೇನೆ. ಮಣ್ಣುಹಾದಿಯ ರೇಸಿನಲ್ಲಿ ಈ ಜಿಲ್ಲೆಯ ಗಂಡಸರಿಗೆಲ್ಲ ನನ್ನ ಹಿಂದಿನ ಬಂಪರ್ ತೋರಿಸಿದ್ದೇನೆ. ಆದರೂ ನನ್ನನ್ನು ಯಾರೂ ಕೇಳಲಿಲ್ಲ.

ಸಿನಿಮಾ ಡಬ್ ಹ್ಯಾಚೆಟ್‌ನದು. ಅವನಿಗೆ ಕಾರಿನಲ್ಲೇ ಕೂತು ನೋಡುವ ಎರಡು ಡ್ರೈವ್-ಇನ್ ಚಿತ್ರಮಂದಿರಗಳಿವೆ. ಅವುಗಳ ಪರದೆ ಖಾಲಿ ಬೀಳಬಾರದೆಂದು ತಾನೇ ಸಿನಿಮಾ ತೆಗೆಯುತ್ತಾನೆ. ಕಥೆ ಇಷ್ಟೇ: ಕಳ್ಳಸಾರಾಯಿ ಸಾಗಿಸುವವನು ಓಡುತ್ತಾನೆ, ಪೊಲೀಸ್ ಹೆಂಗಸು ಅಟ್ಟಿಸಿಕೊಂಡು ಹೋಗುತ್ತಾಳೆ, ಕೋಳಿಗೂಡು ಪುಡಿಯಾಗುತ್ತದೆ, ಕಲ್ಲಂಗಡಿ ತುಂಬಿದ ಲಾರಿ ಮಗುಚುತ್ತದೆ, ಕೊನೆಗೆ ಅವಳು ಕಾರಿನಲ್ಲೇ ಹಳ್ಳ ಹಾರಿ ಅವನನ್ನು ಹಿಡಿಯುತ್ತಾಳೆ. ದುಡಿಯುವ ಜನರ ಕಣ್ಣಿಗೆ ಮಂಕುಬೂದಿ ಎರಚುವ ಹಾಳು ಸಿನಿಮಾ. ಅದಕ್ಕೆ ಬೇಕಾದ ಪೊಲೀಸ್ ಕಾರುಗಳೆಲ್ಲ ನನ್ನಪ್ಪ ಆ್ಯಂಬ್ರೋಸ್ ಮಿಮ್ಸ್‌ನ ಗುಜರಿ ಅಂಗಳದಿಂದ ಹೋಗುತ್ತವೆ. ಸರಿಮಾಡಿ ಕೊಡುವುದು ನಾವು, ಜಜ್ಜಿ ಹಿಂದೆ ಕಳಿಸುವುದು ಅವರು.

ಪೊಲೀಸ್ ಹೆಂಗಸಿನ ಪಾತ್ರ ಅಟ್ಲಾಂಟಾದಿಂದ ಬಂದ ರಮೋನಾ ಸ್ಪೈವಿಯದು. ಬೆಳಗ್ಗೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಕುರ್ಚಿಯಲ್ಲಿ ಅವಳ ಬದಲು ಕಾರು ಓಡಿಸುವ ಆ ಬಿಳಿಯನನ್ನು ಕೂರಿಸಿದರು. ಮೇಕಪ್ಪಿನವನು ಬಣ್ಣದ ಡಬ್ಬಿಯ ಮುಚ್ಚಳವನ್ನು ಅವಳ ಕೆನ್ನೆಗೆ ತಾಗಿಸಿ ಹಿಡಿದ. "ಇನ್ನೊಂಚೂರು ಕಂದು ಬೇಕು" ಅಂದ, ಗೋಡೆಗೆ ಸುಣ್ಣಬಣ್ಣ ಹೊಂದಿಸುವವನ ಹಾಗೆ. ರಮೋನಾ ಎದುರಿನ ಮರ ನೋಡುತ್ತಿದ್ದಳು.

ನಾನು ನೇರ ಡಬ್ ಹತ್ತಿರ ಹೋದೆ.

"ಮಿಸ್ಟರ್ ಡಬ್, ಆ ಕಾರು ನಾನು ಓಡಿಸ್ತೀನಿ."

"ನೀನಾ? ನಿಮ್ಮಪ್ಪ ನನ್ನ ಕುತ್ತಿಗೆ ಹಿಸುಕ್ತಾನೆ."

"ಅಪ್ಪ ಏನೂ ಅನ್ನಲ್ಲ."

"ಹಂಗಾದ್ರೆ ನಾನೇ ಅಂತೀನಿ. ಕಾರು ಹಾರಿಸೋದು ಗಂಡಸರ ಕೆಲಸ. ಹೋಗಮ್ಮ, ರೇಡಿಯೇಟರಿಗೆ ನೀರು ಹಾಕು."

ನೀರು ಹಾಕಿದೆ. ನನ್ನ ಕೈಗಳ ಮೇಲೆ ನನಗೇ ಸಿಟ್ಟು ಬಂತು.

ಆಗಸ್ಟ್ 5, ಗುರುವಾರ

ಕಪ್ಪು ಬಣ್ಣ ಬಳಿದುಕೊಂಡ ಆ ಬಿಳಿಯನನ್ನು ನಾನು ಬಣ್ಣದವನು ಅನ್ನುತ್ತೇನೆ, ಹೆಸರು ರಾಯ್ಸ್ ಟ್ಯಾಡ್ಲಾಕ್. ಐವತ್ತರ ಹತ್ತಿರ, ಒಂದು ಮಂಡಿ ಬಗ್ಗುವುದಿಲ್ಲ. ಇವತ್ತು ಗುಜರಿಗೆ ಬಂದಿದ್ದ. ಕೆಟ್ಟ ಕಾರು ಎಳೆಯುವ ನಮ್ಮ ಲಾರಿಯಲ್ಲಿ ಕೂತು ನಾನು ಕರಪತ್ರ ಓದುತ್ತಿದ್ದದ್ದನ್ನು ಕಂಡು ಕಿಟಕಿಯಲ್ಲಿ ಇಣುಕಿದ.

"ಏನಮ್ಮ ಅದು, ಚರ್ಚಿನ ಹಾಡಾ?"

"ನಿಮ್ಮಂಥವರನ್ನ ಹೆಂಗೆ ಇಳಿಸ್ಬೇಕು ಅಂತ ಬರೆದಿದಾರೆ."

"ಒಳ್ಳೇದು. ಬೇಗ ಇಳ್ಸು. ನನ್ನ ಸೊಂಟಾನೂ ಅದನ್ನೇ ಕೇಳ್ತಿದೆ."

ಆಮೇಲೆ ಹೊರಡುವವರೆಗೂ ನನ್ನನ್ನು 'ಕರಪತ್ರ' ಅಂತಲೇ ಕರೆದ. ಈ ಕಾಗದಗಳು ಅಟ್ಲಾಂಟಾದ ಪುಸ್ತಕದಂಗಡಿಯಿಂದ ಅಂಚೆಯಲ್ಲಿ ಬರುತ್ತವೆ. ನಮ್ಮೂರಿನ ಶಾಲೆ ನನಗೆ ಕಲಿಸದೆ ಬಿಟ್ಟದ್ದನ್ನೆಲ್ಲ ಇವೇ ಕಲಿಸಿವೆ. ನಗುವವರು ನಗಲಿ.

ಮುಂದಿನ ವಾರ ರೈಲು ಹಳಿಯ ಮೇಲಿಂದ ಹಾರುವ ದೃಶ್ಯವಿದೆ. ಅದಕ್ಕೆ ಕಾರಿನ ಹಿಂದಿನ ಡಿಕ್ಕಿಯಲ್ಲಿ ಮರಳು ತುಂಬಬೇಕು. ಇಂಜಿನ್ ಮುಂದಿರುವುದರಿಂದ ಕಾರು ಗಾಳಿಯಲ್ಲಿ ಮೂತಿ ತಗ್ಗಿಸುತ್ತದೆ. ಹಿಂದೆ ಅಷ್ಟೇ ಭಾರವಿದ್ದರೆ ತಟ್ಟೆಯ ಹಾಗೆ ಸಮನಾಗಿ ಹಾರಿ, ನಾಲ್ಕೂ ಚಕ್ರದ ಮೇಲೆ ಇಳಿಯುತ್ತದೆ. ಡಿಕ್ಕಿ ಯಾರು ತುಂಬಬೇಕೆಂದು ಆರಿಸುವುದು ಹಾರುವವನು. ಅದು ಇವರ ಪದ್ಧತಿ, ನಿರ್ದೇಶಕನೂ ಅದರಲ್ಲಿ ಬಾಯಿ ಹಾಕುವುದಿಲ್ಲ. ಬಣ್ಣದವನು ಅಪ್ಪನನ್ನು ಆರಿಸಿದ್ದಾನೆ. ಅಪ್ಪ ಮರಳನ್ನು ತಗಡಿನ ಮೇಲೆ ಹರಡಿ ಬಿಸಿಲಿಗೆ ಒಣಗಿಸಿದ.

"ಒದ್ದೆ ಮರಳು ಹಾಕಿದ್ರೆ ಭಾರ ಜಾಸ್ತಿಯಾಗಿ ಹಿಂದಕ್ಕೆ ಎಳ್ಯುತ್ತೆ. ಮೂತಿ ಮೇಲೇಳುತ್ತೆ, ಬಾಲ ಮೊದಲು ನೆಲಕ್ಕೆ ಬಡಿಯುತ್ತೆ" ಅಂದ ಅಪ್ಪ, ಹಿಡಿಯಷ್ಟನ್ನು ನನ್ನ ಅಂಗೈಗೆ ಸುರಿದು. "ಬೆರಳಿಗೆ ಅಂಟ್ಬಾರ್ದು, ನೋಡು."

ಬಣ್ಣದವನಿಗಾಗಿ ಇಷ್ಟು ಅಕ್ಕರೆ. ನೋಡಲಾಗದೆ ಒಳಗೆ ಹೋದೆ.

ಆಗಸ್ಟ್ 8, ಭಾನುವಾರ

ಚರ್ಚ್ ಮುಗಿದ ಮೇಲೆ ಅಪ್ಪ ರಮೋನಾಳನ್ನು ಊಟಕ್ಕೆ ಕರೆದ. ಕರಿದ ಕೋಳಿ, ಬೆಂಡೆಕಾಯಿ, ಪೀಚ್ ಹಣ್ಣಿನ ಸಿಹಿ. ಅವಳು ಚೆನ್ನಾಗಿ ಉಂಡಳು. ಹೊರಗೆ ಜಗಲಿಯಲ್ಲಿ ಕೂತಾಗ ನಾನು ಕೇಳಿಯೇಬಿಟ್ಟೆ.

"ನಿಮ್ಮ ಚರ್ಮಾನ ಡಬ್ಬೀಲಿ ಕಲಸ್ತಿದ್ರೆ ಹೆಂಗೆ ಸುಮ್ನಿರ್ತೀರಿ?"

"ತಂಗಿ, ಇದಕ್ಕೆ ಮುಂಚೆ ನಂಗೆ ಸಿಕ್ಕಿದ್ದೆಲ್ಲ ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಲ್ಲೋ ಪಾತ್ರ. ಇದ್ರಲ್ಲಿ ನಂಗೆ ಬ್ಯಾಡ್ಜ್ ಇದೆ, ಮಾತಿದೆ. ಬಿಟ್ಟು ಹೋದ್ರೆ ನಾಳೆ ನನ್ನ ಜಾಗಕ್ಕೆ ಇನ್ನೊಬ್ಬಳು ಬರ್ತಾಳೆ. ಅವಳ ಕೆನ್ನೆಗೂ ಡಬ್ಬಿ ಹಿಡೀತಾರೆ."

"ಎಲ್ಲರೂ ಹಿಂಗೇ ಅಂದ್ರೆ?"

"ನೀನು ಒಬ್ಬಳಾದ್ರೂ ಹಿಂಗನ್ನಲ್ವಲ್ಲ. ಇನ್ನೊಂಚೂರು ಪೀಚ್ ಇದೆಯಾ?"

ಅವಳ ಮೇಲೆ ಸಿಟ್ಟು ಬರಲಿಲ್ಲ. ಯಾಕೋ ಬರಲಿಲ್ಲ.

ಆಗಸ್ಟ್ 10, ಮಂಗಳವಾರ

ಬಣ್ಣದವನನ್ನು ಎಲ್ಲರೆದುರು ತಡೆದು ನಿಲ್ಲಿಸಿದೆ. ಅರ್ಧ ಮುಖಕ್ಕೆ ಬಣ್ಣ ಹಚ್ಚಿಕೊಂಡಿದ್ದ, ಕೈಯಲ್ಲಿ ಬೇಯಿಸಿದ ಶೇಂಗಾ ಪೊಟ್ಟಣ.

"ನಾಚಿಕೆ ಆಗಲ್ವಾ ನಿಮಗೆ?"

"ಸೆಕೆ ಆಗುತ್ತೆ. ಬಣ್ಣದೊಳಗೆ ಬೆವರು ಹೊರಗೆ ಬರೋಕೆ ದಾರಿ ಸಿಗಲ್ಲ."

"ನಾನು ತಮಾಷೆ ಮಾಡ್ತಿಲ್ಲ."

"ಗೊತ್ತು." ಶೇಂಗಾ ಸಿಪ್ಪೆ ಉಗುಳಿದ. "ನೋಡು ಕರಪತ್ರ, ನಾನು ಹಚ್ಕೊಳ್ಳದಿದ್ರೆ ಇನ್ನೊಬ್ಬ ಹಚ್ಕೋತಾನೆ. ಇಪ್ಪತ್ತು ವರ್ಷದಿಂದ ಹಿಂಗೇ ನಡ್ಕೊಂಡು ಬಂದಿದೆ. ಮಾಡಿದ್ದು ನಾನಲ್ಲ."

"ಮುಷ್ಕರ ಮುರಿಯೋನು ಪ್ರತಿಯೊಬ್ಬನೂ ಇದನ್ನೇ ಹೇಳೋದು."

ಸುತ್ತ ನಿಂತಿದ್ದವರು ನಕ್ಕರು. ಅವನು ನಗಲಿಲ್ಲ. ಪೊಟ್ಟಣ ಮುಂದೆ ಚಾಚಿದ. ನಾನು ಮುಟ್ಟಲಿಲ್ಲ.

ಕರಪತ್ರವೊಂದರಲ್ಲಿ ಸ್ಪಷ್ಟವಾಗಿ ಬರೆದಿದೆ: ಕೈಯಲ್ಲಿ ಬೇರೇನೂ ಇಲ್ಲದವರು ಮಾತನ್ನಾದರೂ ನಿಲ್ಲಿಸಬೇಕು, ಒಡೆಯನ ಜೊತೆಗೂ, ಒಡೆಯನ ಕೈಗೊಂಬೆಯ ಜೊತೆಗೂ. ಇವತ್ತಿನಿಂದ ಅವನ ಜೊತೆ ನನ್ನ ಮಾತು ನಿಂತಿತು. ಬಣ್ಣ ತೊಳೆಯುವವರೆಗೆ ಒಂದಕ್ಷರವನ್ನೂ ಆಡುವುದಿಲ್ಲ. ಇದು ಪ್ರತಿಜ್ಞೆ.

ಆಗಸ್ಟ್ 12, ಗುರುವಾರ, ಮಧ್ಯಾಹ್ನ

ರೈಲು ಹಳಿಯ ಪಕ್ಕ, ಲಾರಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮೋಡ ಸರಿಯಲಿ ಎಂದು ಕ್ಯಾಮೆರಾದವರು ಕಾಯುತ್ತಿದ್ದಾರೆ. ಬೆಳಗಿನ ಜಾವದವರೆಗೂ ಜೋರು ಮಳೆ ಹೊಯ್ದಿತ್ತು.

ಪ್ರತಿಜ್ಞೆ ಗಟ್ಟಿಯಾಗಿದೆ. ಎರಡು ದಿನದಿಂದ ಒಂದು ಮಾತೂ ಆಡಿಲ್ಲ. ಇವತ್ತು ಅಪ್ಪ ಬಿಡಿಭಾಗ ತರಲು ಮೇಕನ್‌ಗೆ ಹೋಗಿರುವುದರಿಂದ ನಿನ್ನೆಯೇ ಮರಳು ತುಂಬಿಟ್ಟಿದ್ದ ಕಾರನ್ನು ಎಳೆದು ತಂದವಳು ನಾನೊಬ್ಬಳೇ. ಇಳಿಸುವಾಗ ನೋಡಿದೆ, ಡಿಕ್ಕಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಮುಚ್ಚಳದ ರಬ್ಬರು ಯಾವತ್ತೋ ಲಡ್ಡಾಗಿದೆ. ಬಣ್ಣದವನು ಹತ್ತಿರ ಬಂದು, "ಎಲ್ಲ ಸರಿಯಿದೆಯಾ, ಕರಪತ್ರ?" ಅಂದ. ನಾನು ಮುಖ ತಿರುಗಿಸಿ ನಡೆದುಬಿಟ್ಟೆ. ಮತ್ತೊಮ್ಮೆ ಕೂಗಿದ. ತಿರುಗಿ ನೋಡಲಿಲ್ಲ. ಗಂಟಲಿನವರೆಗೆ ಬಂದ ಮಾತನ್ನು ನುಂಗುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಆದರೂ ನುಂಗಿದೆ. ಗೆದ್ದೆ ಅನಿಸುತ್ತಿದೆ.

ಬಿಸಿಲು ಬಂತು. ಕರೆಯುತ್ತಿದ್ದಾರೆ.

ಆಗಸ್ಟ್ 13, ಶುಕ್ರವಾರ

ರಾಯ್ಸ್ ಆಸ್ಪತ್ರೆಯಲ್ಲಿದ್ದಾನೆ.

ಆಗಸ್ಟ್ 14, ಶನಿವಾರ

ಕಾರು ಮೂತಿಯನ್ನು ಮುಗಿಲಿಗೆ ಎತ್ತಿತು. ಬಾಲ ಮೊದಲು ಬಡಿಯಿತು, ಆಮೇಲೆ ಮುಂಭಾಗ ದಬ್ಬನೆ ಬಿತ್ತು. ಸದ್ದು ಈಗಲೂ ಕೇಳುತ್ತಿದೆ. ಹಾರುವಾಗ ತೆರೆದುಕೊಳ್ಳದಿರಲೆಂದು ಬಾಗಿಲಿಗೆ ಬೆಸುಗೆ ಹಾಕಿದ್ದರಿಂದ ಕಿಟಕಿಯಿಂದಲೇ ಅವನನ್ನು ಹೊರಗೆಳೆದೆವು. ಕಾಲು ಹಿಡಿದವಳು ನಾನು.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅಪ್ಪ ಕೈ ಒರೆಸುತ್ತಲೇ ಇದ್ದ, ಕೈಗೆ ಏನೂ ಅಂಟಿರಲಿಲ್ಲ.

"ಅವನ ಮೇಲಿನ ಸಿಟ್ಟು ನಂಗೆ ಅರ್ಥ ಆಗುತ್ತೆ ಮಗಳೇ. ನಿಂಗಿಂತ ಮುಂಚೆ ಹುಟ್ಟಿದವನು ನಾನು. ಆದ್ರೆ ಆ ಡಿಕ್ಕಿ ತುಂಬಿದ್ದು ನಾನು. ನನ್ನ ಕೆಲಸದ ಮೇಲೆ ಸೇಡು ತೀರಿಸ್ಕೊಂಡೆ ನೀನು."

ಕರಪತ್ರಗಳನ್ನೆಲ್ಲ ತಿರುವಿ ಹಾಕಿದೆ. ಇದಕ್ಕೆ ಉತ್ತರ ಎಲ್ಲೂ ಇಲ್ಲ.

ಆಗಸ್ಟ್ 15, ಭಾನುವಾರ

ಆಸ್ಪತ್ರೆಗೆ ಹೋದೆ. ರಾಯ್ಸ್ ಅಂಗಾತ ಮಲಗಿದ್ದ, ಕುತ್ತಿಗೆಗೆ ದಪ್ಪ ಪಟ್ಟಿ. ಬೆನ್ನುಮೂಳೆಯಲ್ಲಿ ಬಿರುಕು, ಕಾಲಾಡುತ್ತದೆ, ನಡೆಯುತ್ತಾನಂತೆ. ಯಾರೋ ಮುಖ ತೊಳೆದಿದ್ದರು. ಕಿವಿಯ ಹಿಂದೆ ಬಣ್ಣ ಹಾಗೇ ಉಳಿದಿತ್ತು.

ಕೂರಲಿಲ್ಲ. ನಿಂತೇ ಹೇಳಿದೆ. "ಡಿಕ್ಕಿಯಿಂದ ನೀರು ಸೋರ್ತಿತ್ತು. ನೋಡಿದೆ. ನಿಮಗೆ ಹೇಳ್ಲಿಲ್ಲ."

ಛಾವಣಿ ನೋಡುತ್ತಲೇ ಕೇಳಿದ, "ಯಾಕೆ?"

"ನಿಮ್ಮ ಜೊತೆ ಮಾತು ಬಿಟ್ಟಿದ್ದೆ. ಮಂಗಳವಾರದಿಂದ."

"ಮಾತು ಬಿಟ್ಟಿದ್ಯಾ?" ಕಣ್ಣು ಮಾತ್ರ ನನ್ನ ಕಡೆ ತಿರುಗಿಸಿದ. "ನಂಗೆ ಗೊತ್ತೇ ಆಗ್ಲಿಲ್ಲ. ಆ ಲಾರಿ ಸದ್ದಿಗೆ ನಿನ್ನ ಕಿವಿ ಹೋಗಿದೆ ಅಂದ್ಕೊಂಡಿದ್ದೆ."

ನನಗೆ ನಗು ಬರಲಿಲ್ಲ. ಅಳುವುದಕ್ಕೆ ನಾನು ಹೋಗಿರಲಿಲ್ಲ.

"ಬೈ ಬೇಕಾದ್ರೆ" ಅಂದ. "ಬೆಳಗಿಂದ ಸಂಜೆವರೆಗೂ ಬೈ, ಕೇಳ್ತೀನಿ. ನೀರು ಸೋರಿದ್ರೆ ಮಾತ್ರ ಮೊದಲು ಅದನ್ನ ಹೇಳು, ಆಮೇಲೆ ಬೈ."

ಅವನೇ ಮತ್ತೆ ಶುರುಮಾಡಿದ. "ಆಂಬುಲೆನ್ಸಿನವರು ಬಂದ್ರಲ್ಲ, ನೆಲದ ಮೇಲಿದ್ದ ನನ್ನ ಮುಖ ನೋಡಿ ಒಬ್ಬ ಸಿಗರೇಟು ಮುಗಿಸ್ತಾ ನಿಂತ. ಇನ್ನೊಬ್ಬ ಅಂಗಿ ಕತ್ತರಿಸಿದಾಗ ಒಳಗೆ ಬಿಳಿ ಮೈ ಕಾಣ್ತು ನೋಡು, ಸಿಗರೇಟು ಬಿಸಾಕಿ ಓಡಿದ್ರು. ನನ್ನನ್ನ 'ಸರ್' ಅಂದ್ರು."

"ಅದನ್ನ ನನಗೆ ಹೇಳ್ತಿದೀರಾ?"

"ನಿಂಗೆ ಗೊತ್ತಿಲ್ಲ ಅಂತ ಹೇಳ್ತಿಲ್ಲ. ನಂಗೆ ಗೊತ್ತಿರ್ಲಿಲ್ಲ ಅಂತ ಹೇಳ್ತಿದೀನಿ."

ಆಗ ಕೇಳಿದೆ. "ಹಳ್ಳ ನಾನು ಹಾರ್ತೀನಿ. ಡಬ್‌ಗೆ ನೀವು ಹೇಳ್ಬೇಕು."

"ಕ್ಷಮೆ ಕೇಳೋಕೆ ಬಂದ್ಯೋ, ಕೆಲಸ ಕೇಳೋಕೆ ಬಂದ್ಯೋ?"

"ಎರಡಕ್ಕೂ."

"ಒಂದೇ ಉಸಿರಲ್ಲಿ ಎರಡೂ ಕೇಳೋಕೆ ಧೈರ್ಯ ಬೇಕು" ಅಂದ. ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಹೊರಡುವಾಗ ಒದ್ದೆ ಬಟ್ಟೆ ತಂದು ಕಿವಿಯ ಹಿಂದಿನ ಬಣ್ಣ ಒರೆಸಿದೆ. ಅಷ್ಟು ಸುಲಭಕ್ಕೆ ಹೋಗುವುದಿಲ್ಲ ಅದು.

ಆಗಸ್ಟ್ 17, ಮಂಗಳವಾರ

ಡಬ್ ಅಟ್ಲಾಂಟಾದಿಂದ ಇನ್ನೊಬ್ಬನನ್ನು ಕರೆಸುತ್ತಿದ್ದಾನೆ. ಬಿಳಿಯ. ಬಣ್ಣದ ಡಬ್ಬಿ ಮತ್ತೆ ತೆರೆಯುತ್ತದೆ.

ಇಲ್ಲ. ಈ ಸಲ ನಾನು ಸುಮ್ಮನಿರುವುದಿಲ್ಲ. ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತೇನೆ.

ಆಗಸ್ಟ್ 18, ಬುಧವಾರ

ಇವತ್ತಿನದನ್ನು ಪೂರ್ತಿ ಬರೆದಿಡಬೇಕು.

ಹಳ್ಳ ಹಾರಲು ಉಳಿದಿರುವುದು ಒಂದೇ ಕಾರು, ಅದು ನಮ್ಮ ಅಂಗಳದಲ್ಲಿದೆ. ಡಬ್ ಬೆಳಗ್ಗೆ ಅದನ್ನು ಒಯ್ಯಲು ಬಂದ. ಅಪ್ಪ ಕಾರಿನ ಅಚ್ಚಿಗೆ ಸರಪಳಿ ಸುತ್ತಿ ಬೀಗ ಹಾಕಿದ್ದ. ಅದು ನನಗೂ ಗೊತ್ತಿರಲಿಲ್ಲ.

"ಏನಿದು ಆ್ಯಂಬ್ರೋಸ್?"

"ಸರಪಳಿ."

"ಕಾಣ್ತಿದೆ. ಬಿಚ್ಚು."

"ಕಾರು ಹೋದ್ರೆ ಡ್ರೈವರ್ ಜೊತೆಗೇ ಹೋಗುತ್ತೆ. ಡ್ರೈವರ್ ಇಲ್ಲಿ ನಿಂತಿದಾಳೆ."

ಡಬ್ ನನ್ನನ್ನು ನೋಡಿ ಟೋಪಿ ತೆಗೆದು ನೆತ್ತಿ ಒರೆಸಿಕೊಂಡ. "ಅಲ್ಲಪ್ಪ, ನಾನೂ ನೀನೂ ಒಂದೇ ಕೆರೇಲಿ ಮೀನು ಹಿಡಿದೋರು. ಈ ಹುಡುಗಿ ಹಟಕ್ಕೆ ನೀನೂ ಕುಣಿಯೋದಾ? ಇವಳಿಗೆ ಏನಾದ್ರೂ ಆದ್ರೆ?"

ನಾನೇ ಬಾಯಿ ಹಾಕಿದೆ. "ರಾಯ್ಸ್‌ಗೆ ಆಯ್ತಲ್ಲ, ಏನ್ಮಾಡಿದ್ರಿ? ಅವತ್ತು ಡಿಕ್ಕಿ ಸೋರ್ತಿತ್ತು. ನೋಡಿದವಳು ನಾನು, ಸುಮ್ನಿದ್ದವಳೂ ನಾನು. ಅದು ನನ್ನ ತಪ್ಪು, ಎಲ್ಲರೆದುರೂ ಹೇಳ್ತೀನಿ. ಆದ್ರೆ ಕಪ್ಪು ಹೆಂಗಸು ಕಾರು ಓಡಿಸೋದನ್ನ ತೋರಿಸೋಕೆ ಕಪ್ಪು ಹೆಂಗಸು ಬೇಡ ಅನ್ನೋದು ನಿಮ್ಮ ತಪ್ಪು. ಅದನ್ನ ನೀವು ಹೇಳಿ."

"ತಪ್ಪು ಒಪ್ಕೊಂಡು ಕೆಲಸ ಕೇಳೋರನ್ನ ನಾನು ಇದೇ ಮೊದಲು ನೋಡ್ತಿರೋದು" ಅಂದ ಡಬ್. "ಸೋರೋದು ನೋಡಿ ಸುಮ್ನಿದ್ದವಳ ಕೈಗೆ ಕಾರು ಕೊಡ್ಲಾ?"

ಉತ್ತರ ಹಿಂದಿನಿಂದ ಬಂತು. ರಮೋನಾ ತನ್ನ ಕಾರಿನಲ್ಲಿ ರಾಯ್ಸ್‌ನನ್ನು ಕರೆತಂದಿದ್ದಳು. ಕುತ್ತಿಗೆಗೆ ಪಟ್ಟಿ, ಕೈಯಲ್ಲಿ ಊರುಗೋಲು, ಕಾರಿನ ಬಾಗಿಲು ಹಿಡಿದು ನಿಂತಿದ್ದ.

"ಕೊಡು" ಅಂದ. "ಇನ್ನು ಸಾಯೋವರೆಗೂ ಪ್ರತಿ ಡಿಕ್ಕೀನೂ ಬಗ್ಗಿ ನೋಡೋಳು ಅಂದ್ರೆ ಈ ರಾಜ್ಯದಲ್ಲಿ ಇವಳೊಬ್ಬಳೇ. ಆ ರ್‍ಯಾಂಪ್ ಹಳ್ಳದ ದಡದಲ್ಲಿ ಕಾರು ಹತ್ತಿ ಹಾರೋಕೆ ಅಂತ ಕಟ್ಟಿದ್ದು ನಾನು. ಎಷ್ಟು ವೇಗದಲ್ಲಿ ಹತ್ತಬೇಕು ಅನ್ನೋದು ನನ್ನ ತಲೇಲಿದೆ. ಹಾರೋರಿಗೆ ಮಾತ್ರ ಹೇಳೋದು. ಬಣ್ಣ ಹಚ್ಕೊಂಡು ಬರೋನಿಗೆ ಹೇಳಲ್ಲ."

"ನೀನೇ ಹಚ್ಕೊಂಡಿದ್ಯಲ್ಲೋ."

"ಹ್ಞೂಂ. ಇನ್ನೂ ಕಿವಿ ಹಿಂದೆ ಹೋಗಿಲ್ಲ."

ರಮೋನಾ ಕಾರಿನಿಂದ ಇಳಿಯಲೂ ಇಲ್ಲ. ಕಿಟಕಿಯಿಂದಲೇ ಹೇಳಿದಳು. "ಮಿಸ್ಟರ್ ಹ್ಯಾಚೆಟ್, ಇನ್ನೊಂದು ಸಲ ನನ್ನ ಕೆನ್ನೆ ಪಕ್ಕ ಆ ಡಬ್ಬಿ ಬಂದ್ರೆ ನಾನು ಅಟ್ಲಾಂಟಾ ಬಸ್ಸಲ್ಲಿರ್ತೀನಿ. ಆಮೇಲೆ ನನ್ನ ಮಾತೂ ಆ ಬಣ್ಣ ಹಚ್ಕೊಂಡೋನ ಬಾಯಲ್ಲೇ ಆಡಿಸ್ಕೊಳ್ಳಿ."

ಡಬ್ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. ಸರಪಳಿಯನ್ನೂ ನೋಡಿದ.

"ಮೊದಲು ಹೊಲದಲ್ಲಿ ಸಣ್ಣ ರ್‍ಯಾಂಪ್ ಮೇಲೆ ಹಾರಿ ತೋರಿಸ್ಲಿ. ನನ್ನ ಕಣ್ಣ ಮುಂದೆ. ಸರಿ ಬಂದ್ರೆ ಆಮೇಲೆ ಹಳ್ಳ."

"ಪರದೆ ಮೇಲೆ ನನ್ನ ಹೆಸರೂ ಬೇಕು" ಅಂದೆ. "ಆರ್ಡೆಲಿಯಾ ಮಿಮ್ಸ್. ಪೂರ್ತಿ."

"ಮೊದಲು ಬದುಕಿ ಬಾರಮ್ಮ, ಆಮೇಲೆ ಹೆಸರು."

"ಹೆಸರು ಮೊದಲು, ಡಬ್" ಅಂದ ಅಪ್ಪ.

ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ, ಅಪ್ಪ ಆ ಹೆಸರಿಗೆ 'ಮಿಸ್ಟರ್' ಸೇರಿಸದೆ ಕರೆದದ್ದು ಇದೇ ಮೊದಲು. ಡಬ್‌ಗೂ ಕೇಳಿಸಿತು. ಟೋಪಿ ಹಾಕಿಕೊಂಡು, "ಬರೆಸ್ತೀನಿ" ಅಂದ.

ಆಗಸ್ಟ್ 24, ಮಂಗಳವಾರ

ಹಾರಿದೆ. ಹತ್ತಿ ಹೊಲದ ಅಂಚಿನಲ್ಲಿ, ಬೇರೊಂದು ಹಳೆ ಕಾರಿನಲ್ಲಿ, ಸಣ್ಣ ರ್‍ಯಾಂಪ್ ಮೇಲೆ.

ನಾನು ಗಿಡ್ಡ ಇರುವುದರಿಂದ ಬಾನೆಟ್ಟಿನಾಚೆ ಕಾಣುತ್ತಿರಲಿಲ್ಲ. ಕರಪತ್ರಗಳ ಕಟ್ಟನ್ನು ಸೀಟಿನ ಮೇಲೆ ಇಟ್ಟುಕೊಂಡು ಕೂತೆ. ರಾಯ್ಸ್ ಕುರ್ಚಿಯಲ್ಲಿ ಕೂತಲ್ಲಿಂದಲೇ ಕೂಗಿದ, "ಕಾರೊಳಗೆ ಸಡಿಲ ಇರೋದು ಏನೂ ಇರಬಾರ್ದು. ಅದನ್ನ ಟೇಪ್ ಹಾಕಿ ಬಿಗಿ." ಬಿಗಿದೆ. ಡಿಕ್ಕಿಯನ್ನು ಮೂರು ಸಲ ತೆಗೆದು ನೋಡಿದೆ. ರಬ್ಬರು ನಾನೇ ಬದಲಿಸಿದ್ದರೂ ನೋಡಿದೆ.

ಗಾಳಿಯಲ್ಲಿದ್ದಾಗ ಯಾವ ಸದ್ದೂ ಇರುವುದಿಲ್ಲ. ಯಾರೂ ಇದನ್ನು ನನಗೆ ಹೇಳಿರಲಿಲ್ಲ. ಆಮೇಲೆ ನಾಲ್ಕೂ ಚಕ್ರ ಒಟ್ಟಿಗೆ ನೆಲ ಮುಟ್ಟಿದವು, ಹಲ್ಲು ಕಟಕ್ ಅಂದಿತು, ಕೆಂಪು ಧೂಳಿನಲ್ಲಿ ಏನೂ ಕಾಣಲಿಲ್ಲ. ಧೂಳು ಇಳಿದಾಗ ಅಪ್ಪ ಅರ್ಧ ಹೊಲ ಓಡಿ ಬಂದಿದ್ದ.

"ಹೆಂಗಿತ್ತು?" ಅಂದೆ ರಾಯ್ಸ್‌ಗೆ.

"ಹತ್ತುವಾಗ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲ ಬಿಟ್ಟೆ. ಹೆದರಿದ್ಯಾ?"

"ಇಲ್ಲ."

"ಸುಳ್ಳು. ಹೆದರು, ಆದ್ರೆ ಕಾಲು ಎತ್ಬೇಡ."

ಡಬ್ ಮತ್ತೊಂದು ಕ್ಯಾಮೆರಾ ಎಲ್ಲಿಡಬಹುದೆಂದು ನೋಡಲು ಹಳ್ಳದ ಕಡೆ ನಡೆದ. ಅವನಿಗೆ ಬಲದಂಡೆಯ ಓಕ್ ಮರದ ಕೆಳಗೆ ಇಡಿ ಅಂದೆ. ಅಲ್ಲಿಂದ ಚಕ್ರಗಳ ಕೆಳಗೆ ಬರೀ ಆಕಾಶ ಕಾಣುತ್ತದೆ. ನಮ್ಮ ಸಿನಿಮಾದಲ್ಲಿ ಅಂಥ ದೃಶ್ಯ ಇನ್ನೊಂದಿಲ್ಲ.

ಆಗಸ್ಟ್ 26, ಗುರುವಾರ

ಅಟ್ಲಾಂಟಾದ ಅಂಗಡಿಯಿಂದ ಹೊಸ ಕಟ್ಟು ಬಂದಿದೆ. ಇನ್ನೂ ಬಿಚ್ಚಿಲ್ಲ. ಸೀಟಿಗೆ ಇನ್ನೊಂದಿಂಚು ಎತ್ತರ ಬೇಕಿತ್ತು, ಅನುಕೂಲವಾಯಿತು. ಹಾರಿ ಬಂದ ಮೇಲೆ ಎಲ್ಲವನ್ನೂ ಓದುತ್ತೇನೆ. ಮಾತು ನಿಲ್ಲಿಸುವ ಬಗ್ಗೆ ಬರೆದವರಿಗೆ ಒಂದು ಉತ್ತರವನ್ನೂ ಬರೆಯಬೇಕು. ಅವರು ಡಿಕ್ಕಿಯ ವಿಷಯ ಯೋಚಿಸಿಲ್ಲ.

ಸಂಜೆ ಡಬ್ ಪದ್ಧತಿಯಂತೆ ಎಲ್ಲರೆದುರು ಕೇಳಿದ, "ಡಿಕ್ಕಿ ಯಾರು ತುಂಬಬೇಕಮ್ಮ?" ಅಪ್ಪನ ಹೆಸರು ಬರುತ್ತದೆ ಅಂದುಕೊಂಡೇ ಅವನು ಅತ್ತ ತಿರುಗಿದ್ದ.

"ರಾಯ್ಸ್" ಅಂದೆ.

ಯಾರೋ ಸೀಟಿ ಹೊಡೆದರು. ಅಪ್ಪ ನೆಲ ನೋಡಿ ಸಣ್ಣಗೆ ನಕ್ಕ. ರಾಯ್ಸ್ ಊರುಗೋಲು ಬದಲಿಸಿಕೊಂಡ.

"ನಂಗೆ ಒಂದು ಮೂಟೆ ಎತ್ತೋಕೂ ಆಗಲ್ಲ."

"ಎತ್ತೋದು ಅಪ್ಪ. ಒಳಗೆ ಕೈಯಿಟ್ಟು ನೋಡೋದು ನೀವು."

"ನನ್ನ ಮೇಲೆ ನಂಬಿಕೇನಾ, ಕರಪತ್ರ?"

"ನಿಮ್ಮ ಮೇಲೆ ನಂಗಿನ್ನೂ ಸಿಟ್ಟಿದೆ. ನೀರು ಸೋರಿದ್ರೆ ಹೇಳ್ತೀರಲ್ಲ?"

"ಮಾತು ಬಿಟ್ಟಿದ್ರೂ ಹೇಳ್ತೀನಿ."

ವೇಗ ಎಷ್ಟೆಂದು ಕಿವಿಯಲ್ಲಿ ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ, ಹಾರುವವರಿಗೆ ಮಾತ್ರ ಹೇಳುವುದು. ಮರಳನ್ನು ಅಪ್ಪ ತಗಡಿನ ಮೇಲೆ ಹರಡಿದ್ದಾನೆ. ಮುಟ್ಟಿ ಬಂದೆ, ಬೆರಳಿಗೆ ಅಂಟಲಿಲ್ಲ. ಮೇಕಪ್ಪಿನವನಿಗೆ ಬರಬೇಡವೆಂದು ಹೇಳಿಯಾಗಿದೆ.

ನಾಡಿದ್ದು ಶನಿವಾರ, ಬೆಳಗ್ಗೆ ಏಳು ಗಂಟೆಗೆ, ಹಳ್ಳದ ಈಚೆ ದಡದಲ್ಲಿ.